ಅಸ್ತರಿನ ಗುರುತು

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ತಗಡಿನ ಖೋಲಿ,
ಮೇಜಿನ ಮೇಲೆ ಸುಟ್ಟ ಕಂಬಳಿ, ಇದ್ದಲಿನ ಇಸ್ತ್ರಿ ಪೆಟ್ಟಿಗೆ.
ಅಪ್ಪ ಲಚಮಪ್ಪನಿಗೆ ಕಲಬುರಗಿಯ ವಕೀಲರೆಲ್ಲ ಗೊತ್ತಿದ್ದರು,
ಮುಖದಿಂದಲ್ಲ, ಕಾಲರಿನಿಂದ.
ಇವರು ಬಹಳ ಬೆವರುತ್ತಾರೆ,
ಇವರ ಜೇಬಿನಲ್ಲಿ ಪೆನ್ನು ಸೋರುತ್ತದೆ,
ಇವರು ಕೇಸು ಸೋತ ದಿನ
ಜರ್ದಾ ಕೈಯನ್ನು ತೋಳಿಗೇ ಒರೆಸುತ್ತಾರೆ.

ಓದು ಬರದ ಅಪ್ಪನಿಗೆ ತನ್ನದೇ ಒಂದು ಲಿಪಿಯಿತ್ತು.
ಕೇರುಕಾಯಿಗೆ ಸೂಜಿ ಚುಚ್ಚಿ, ಕರಿ ರಸ ತೆಗೆದು
ಬ್ಯಾಂಡಿನ ಬೆನ್ನಿಗೆ, ಕೋಟಿನ ಬೂದಿಬಣ್ಣದ ಅಸ್ತರಿಗೆ
ಯಾರೂ ನೋಡದ ಕಡೆ ಬರೆಯುತ್ತಿದ್ದ.
ಕುಡುಗೋಲಿನಂಥದ್ದು ಖಾಜಿ ಸಾಹೇಬರದು,
ಎರಡು ಚುಕ್ಕೆ, ಮೇಲೊಂದು ಗೀಟು, ವಾಮನರಾಯರದು.
ಅ ಆ ಇ ಈಗಿಂತ ಮೊದಲು ನಾನು ಕಲಿತದ್ದು ಅದನ್ನೇ.
ನಮ್ಮ ಮನೆಯ ಬಟ್ಟೆಗೆ ಗುರುತಿರಲಿಲ್ಲ.
ಅದಲುಬದಲಾಗುವಷ್ಟು ಬಟ್ಟೆಯೂ ಇರಲಿಲ್ಲ.

ಸನದು ಸಿಕ್ಕ ಬೇಸಿಗೆ, ನಲವತ್ತಮೂರು ಡಿಗ್ರಿಯಲ್ಲಿ
ಹೊಸ ಕೋಟು ತೊಟ್ಟು ಮೆಟ್ಟಿಲು ಹತ್ತಿದೆ.
ಬೋರ್ಡಿನ ಮೇಲೆ ಅಜ್ಜನ ಹೆಸರು, ಅಪ್ಪನ ಹೆಸರು, ಅವರ ಹೆಸರು,
ಕೆಳಗೆ ಮಗನಿಗೆಂದು ಬಿಟ್ಟ ಖಾಲಿ ಜಾಗ.
"ಯಾರ ಪೈಕಿ ನೀವು? ಮನ್ಯಾಗ ಯಾರರೆ ವಕೀಲರು ಹಾರೇನು?
ತಂದಿಯವರು ಏನ್ ಮಾಡ್ತಾರ?"
ಸಾಹೇಬ್ರ, ನಿಮ್ಮ ಕೋಟಿನ ಅಸ್ತರು ತಿರುವಿ ನೋಡ್ರಿ,
ಅದು ನಮ್ಮಪ್ಪನ ಅಕ್ಷರ, ಎಂದೆ
ಅಂತ ಎಷ್ಟೋ ಜನರಿಗೆ ಹೇಳಿದ್ದೇನೆ.
ನಿಜವಾಗಿ ಅಂದದ್ದು: "ಬಿಸಿನೆಸ್ ರೀ."

ನಾಲ್ಕು ವರ್ಷ. ತಾರೀಖು ಕೇಳುವುದು, ಫೈಲು ಹೊರುವುದು,
ಗಿರಾಕಿ ಬಂದರೆ "ಚಹಾ ಹೇಳಮ್ಮಾ."
ಸಂಬಳದ ಮಾತು ಅವರೆತ್ತಲಿಲ್ಲ, ನನಗೆ ಎತ್ತಲು ಬರಲಿಲ್ಲ;
ಕಲಿಯಲು ಬಂದವರಿಗೆ ಕಲಿತದ್ದೇ ಪಗಾರ.
ದೀಪಾವಳಿಗೆ ಒಂದು ಪಾಕೀಟು, ಐನೂರಾ ಒಂದು.
ದಿನದ ಆಟೋ ರೊಕ್ಕ ಅಪ್ಪ ಕೊಡುತ್ತಿದ್ದ,
ಅವರದೇ ಕೋಟಿಗೆ ಇಸ್ತ್ರಿ ಹೊಡೆದು ಬಂದ ರೊಕ್ಕ.

ಒಮ್ಮೆ ಅಪ್ಪ ಕೋಟು ತೋಳ ಮೇಲೆ ಹಾಕಿಕೊಂಡು ಆಫೀಸಿಗೇ ಬಂದ.
ನಾನು ಮುಖ ಫೈಲಿನೊಳಗಿಟ್ಟೆ.
ಅವನೂ ಬಾಗಿಲ ಹೊರಗೇ ನಿಂತು,
"ಮೇಡಮ್, ಸಾಹೇಬ್ರು ಹಾರೇನ್ರಿ?" ಅಂದ.
ನನಗೆ. ಮೇಡಮ್ ಅಂತ.
ರಾತ್ರಿ ಜೋಳದ ರೊಟ್ಟಿ ಮುರಿಯುತ್ತ
ಅವ್ವನಿಗೆ ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನನ್ನದೇ ಒಂದು ಖೋಲಿ, ಎರಡು ಕುರ್ಚಿ, ಅಲುಗಾಡುವ ಫ್ಯಾನು.
ನಿನ್ನೆ ಅನಸೂಯಾ ಪವಾರ ಬಂದಳು,
ಚಿಂಚೋಳಿ ಕಡೆಯ ತಾಂಡಾದ ಹುಡುಗಿ,
ಅವಳಿಗಿಂತ ಮೊದಲು ಅವಳ ಕೋಟು ಒಳಗೆ ಬಂತು.
ಸೂಪರ್ ಮಾರ್ಕೆಟ್ಟಿನ ಹಳೇ ಬಟ್ಟೆಯ ರಾಶಿಯಲ್ಲಿ
ನೂರೈವತ್ತಕ್ಕೆ ಸಿಕ್ಕಿತಂತೆ, ಚೌಕಾಸಿ ಮಾಡಿ.
ತೋಳು ಒಳಗೆ ಮಡಚಿ ಹೊಲಿಯೋಣ ಎಂದು ತಿರುವಿದರೆ
ಅಸ್ತರಿನ ಮೂಲೆಯಲ್ಲಿ, ಮಾಸಿ,
ಒಂದು ಗೀಟು, ಕೆಳಗೆ ಚುಕ್ಕೆ.
ಎರಡೋ, ಅಥವಾ ಒಂದು ಚುಕ್ಕೆ, ಒಂದು ನುಸಿ ತಿಂದ ತೂತೋ.
ಬೆಳಕಿಗೆ ಹಿಡಿದೆ. ತಿಳಿಯಲಿಲ್ಲ.
ಕೇಳೋಣವೆಂದರೆ ಅಪ್ಪನ ಕಣ್ಣಿಗೆ ಪೊರೆ ಬಂದು
ಎರಡು ವರ್ಷವಾಯಿತು.

"ಏನಾಯ್ತ್ರಿ ಮೇಡಮ್?"
ಏನಿಲ್ಲ ಅಂದೆ.
ಆಗಲೇ ನಾಲಿಗೆಯ ತುದಿಗೆ ಬಂದು ನಿಂತಿತ್ತು,
ನಾಚಿಕೆಯಿಲ್ಲದೆ, ನನ್ನದೇ ಬಾಯಲ್ಲಿ,
ಯಾರ ಪೈಕಿ ನೀನು.
ನುಂಗಿದೆ. ನೀರು ಕುಡಿದೆ.

ಆಮೇಲೆ ತಿಂಗಳಿಗೆ ಇಷ್ಟು, ಆಟೋಕ್ಕೆ ಬೇರೆ,
ಒಂದನೇ ತಾರೀಖಿಗೆ ಅಂತ ಹೇಳಿದೆ,
ಅವಳು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ,
ಅಪ್ಪ ಗಿರಾಕಿಗೆ ಗಂಟು ಬಿಚ್ಚುವ ಮೊದಲೇ ಹೇಳುತ್ತಿದ್ದ ಹಾಗೆ:
ಕೋಟಿಗೆ ಎಂಟು, ಬ್ಯಾಂಡಿಗೆ ಎರಡು,
ಉದ್ರಿ ಇಲ್ಲ.